ಮಗು ಹುಟ್ಟಿ ಏಳು ವಾರ, ಜನನ ಪತ್ರ ಇನ್ನೂ ಇಲ್ಲ: ಜರ್ಮನಿಯ ಕಚೇರಿ ಮತ್ತು ನಮ್ಮ ಇನಿಷಿಯಲ್ಲುಗಳು

ಪ್ರಶ್ನೆ: ಮೇಡಂ, ನಾವು ಶಿವಮೊಗ್ಗದ ಕಡೆಯವರು. ನಾಲ್ಕು ವರ್ಷದಿಂದ ಜರ್ಮನಿಯ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿದ್ದೇವೆ. ಮಗಳಿಗೆ ಈಗ ಏಳು ವಾರ. ಇಲ್ಲಿನ ಜನನ-ವಿವಾಹ ನೋಂದಣಿ ಕಚೇರಿ, ಅದೇ ಸ್ಟಾಂಡೆಸ್‌ಆಮ್ಟ್, ಇನ್ನೂ ಬರ್ತ್ ಸರ್ಟಿಫಿಕೇಟ್ ಕೊಟ್ಟಿಲ್ಲ. ನಮ್ಮ ಮದುವೆ ಪತ್ರ, ಇಬ್ಬರ ಜನನ ಪತ್ರ ಎಲ್ಲಕ್ಕೂ ಬೆಂಗಳೂರಿನ ಏಜೆನ್ಸಿ ಹಿಡಿದು ದೆಹಲಿಯಿಂದ ಅಪಾಸ್ಟಿಲ್ ಮಾಡಿಸಿದ್ದೆವು. ಅದು ನಡೆಯುವುದಿಲ್ಲ, ಭಾರತದಲ್ಲಿ ದಾಖಲೆಗಳ ಪರಿಶೀಲನೆ ಆಗಬೇಕು, ಹಣ ಕಟ್ಟಿ, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಪತ್ರ ಬಂದಿದೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮಗುವಿನ ಮನೆತನದ ಹೆಸರು ಯಾವುದು ಎಂದು ಬೇರೆ ಕೇಳುತ್ತಿದ್ದಾರೆ. ಯಜಮಾನರ ಬ್ಲೂ ಕಾರ್ಡ್, ಅದೇ ಕೆಲಸದ ಮೇಲಿನ ವಾಸ್ತವ್ಯ ಪರವಾನಗಿ, ಇನ್ನೆರಡು ತಿಂಗಳಿಗೆ ಮುಗಿಯುತ್ತದೆ, ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟೇ ಸಿಗುತ್ತಿಲ್ಲ. ದಸರೆಗೆ ಮಗುವನ್ನು ಕರೆತನ್ನಿ ಎಂದು ಅತ್ತೆಯವರು ಪ್ರತಿ ಭಾನುವಾರ ಹೇಳುತ್ತಾರೆ. ಯಾರಾದರೂ ಪರಿಚಯದವರಿಂದ ಹೇಳಿಸಿದರೆ ಬೇಗ ಆದೀತೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಹೇಳಿಸುವ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಇಲ್ಲಿ ಆ ದಾರಿ ಇಲ್ಲ, ಹುಡುಕಲೂ ಬೇಡಿ. ತಾಲ್ಲೂಕು ಕಚೇರಿಗೆ ಹೊರಟಾಗ ಕೇಸ್ ವರ್ಕರ್ ಯಾವ ಊರಿನವರು, ನಮಗೆ ಯಾರ ಕಡೆಯಿಂದ ಪರಿಚಯ ಎಂದು ಯೋಚಿಸುವುದು ನಮಗೆ ರೂಢಿ. ಎದುರು ಕೂತು ಕಷ್ಟ ಹೇಳಿಕೊಂಡರೆ ಫೈಲು ಮೇಲಕ್ಕೆ ಬರುತ್ತದೆ ಎಂಬ ನಂಬಿಕೆಗೆ ಅಲ್ಲಿ ಆಧಾರವೂ ಇದೆ. ಇಲ್ಲಿನ ಅಧಿಕಾರಿಗೆ ನಿಮ್ಮ ಮೇಲೆ ಕೋಪವೂ ಇಲ್ಲ, ಕನಿಕರವೂ ಇಲ್ಲ. ನಾಳೆ ಯಾರಾದರೂ ಕಡತ ತೆರೆದು ‘ಇದನ್ನು ಯಾವ ಆಧಾರದ ಮೇಲೆ ಬರೆದಿರಿ’ ಎಂದು ಕೇಳಿದರೆ ತೋರಿಸಲು ಒಂದು ಕಾಗದ ಬೇಕು, ಅಷ್ಟೆ. ಅಂದಹಾಗೆ, ಕೆಲಸ ಮುಗಿದ ಮೇಲೆ ಮೈಸೂರು ಪಾಕಿನ ಡಬ್ಬಿ ಒಯ್ಯುವುದೂ ಬೇಡ. ಸರ್ಕಾರಿ ನೌಕರರು ಉಡುಗೊರೆ ಪಡೆಯುವ ಬಗ್ಗೆ ಇಲ್ಲಿ ನಿಯಮ ಬಹಳ ಬಿಗಿ, ಪಾಪ ಅವರನ್ನೇ ಪೇಚಿಗೆ ಸಿಕ್ಕಿಸುತ್ತೀರಿ.

ನಿಮ್ಮ ಪತ್ರದಲ್ಲಿ ನನಗೆ ಕಂಡ ತೊಂದರೆ ಬೇರೆಯದು. ಜನನ ಪತ್ರ ಬರಲಿ, ಉಳಿದದ್ದು ಆಮೇಲೆ ಎಂದು ಏಳು ವಾರ ಸುಮ್ಮನೆ ಕಾದಿದ್ದೀರಿ. ಜರ್ಮನ್ ಕಚೇರಿಗಳು ತಡ ಮಾಡುತ್ತವೆ, ನಿಜ. ಆದರೆ ಆ ತಡದ ಕಾಲಕ್ಕೆಂದೇ ಕಾನೂನಿನಲ್ಲಿ ಮಧ್ಯಂತರ ಕಾಗದಗಳಿವೆ. ಅವರಾಗಿ ಕೊಡುವುದು ಕಡಿಮೆ. ಹೆಸರು ಹಿಡಿದು, ಬರವಣಿಗೆಯಲ್ಲಿ ಕೇಳಿದರೆ ಇಲ್ಲವೆನ್ನುವುದು ಅವರಿಗೆ ಕಷ್ಟ. ನಿಮಗೆ ಈಗ ಬೇಕಿರುವುದು ಅಂಥ ಎರಡು ಕಾಗದ. ಮಗಳಿಗೊಂದು, ಯಜಮಾನರಿಗೊಂದು.

ಮಗಳದ್ದಕ್ಕೆ ‘ಬೆಗ್ಲೌಬಿಗ್ಟರ್ ರೆಗಿಸ್ಟರ್‌ಔಸ್‌ಡ್ರುಕ್’ ಎನ್ನುತ್ತಾರೆ. ಜನನ ರಿಜಿಸ್ಟರಿನ ದೃಢೀಕರಿಸಿದ ಪ್ರತಿ. ತಂದೆ ತಾಯಿಯ ದಾಖಲೆ ಪೂರ್ತಿಯಾಗದಿದ್ದರೂ ಮಗು ಹುಟ್ಟಿದ್ದಂತೂ ಸತ್ಯವಲ್ಲವೇ? ಆದ್ದರಿಂದ ಜನನವನ್ನು ರಿಜಿಸ್ಟರಿಗೆ ಏರಿಸಿ, ಪೋಷಕರ ಗುರುತು ಅಥವಾ ಹೆಸರು ಸಾಬೀತಾಗಿಲ್ಲ ಎಂಬ ಷರಾ ಬರೆದು, ಆ ಪ್ರತಿಯನ್ನು ಕೊಡಬೇಕು ಎಂದು ನೋಂದಣಿ ನಿಯಮಾವಳಿಯ 35ನೇ ಕಲಮು ಹೇಳುತ್ತದೆ. ಆ ಷರಾ ಓದಿದಾಗ ಮನಸ್ಸಿಗೆ ಚುಚ್ಚುತ್ತದೆ. ಹೆತ್ತವಳ ಗುರುತೇ ಸಾಬೀತಾಗಿಲ್ಲವೆಂದರೆ ಏನರ್ಥ ಎಂದು ನನ್ನೆದುರು ಅತ್ತವರಿದ್ದಾರೆ. ಅದು ನಿಮ್ಮ ಮೇಲಿನ ಆರೋಪವಲ್ಲ, ಪರಿಶೀಲನೆ ಮುಗಿದಾಗ ಅದನ್ನು ತೆಗೆದು ಮಾಮೂಲಿ ಜನನ ಪತ್ರ ಕೊಡುತ್ತಾರೆ. ಅಲ್ಲಿಯವರೆಗೆ ಈ ಪ್ರತಿಯೂ ಅಧಿಕೃತ ಜನನ ದಾಖಲೆಯೇ. ಒಂದು ವೇಳೆ ರಿಜಿಸ್ಟರಿಗೆ ಇನ್ನೂ ಏರಿಸಿಯೇ ಇಲ್ಲ ಎಂದರೆ, ನೋಂದಣಿ ಮುಂದೂಡಲಾಗಿದೆ ಎಂಬ ದೃಢೀಕರಣವನ್ನಾದರೂ ಅದೇ ದಿನ ಕೇಳಿ ಪಡೆಯಿರಿ. ಕೇಳಬೇಕಾದದ್ದು ಮಗು ಹುಟ್ಟಿದ ಊರಿನ ಸ್ಟಾಂಡೆಸ್‌ಆಮ್ಟ್‌ನಲ್ಲಿ, ನೀವು ವಾಸವಿರುವ ಊರಿನಲ್ಲಲ್ಲ. ಆಸ್ಪತ್ರೆ ಪಕ್ಕದ ಪಟ್ಟಣದಲ್ಲಿದ್ದರೆ ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಈ ಕಾಗದಕ್ಕೆ ಅವಸರ ಏಕೆಂದರೆ ಹಣದ ಗಡುವುಗಳು ಯಾರಿಗೂ ಕಾಯುವುದಿಲ್ಲ. ಪೋಷಕರ ಭತ್ಯೆ ಎಲ್ಟರ್ನ್‌ಗೆಲ್ಡ್ ಅರ್ಜಿ ಹಾಕಿದ ತಿಂಗಳಿಂದ ಹಿಂದಕ್ಕೆ ಮೂರು ತಿಂಗಳಿಗೆ ಮಾತ್ರ ಸಿಗುತ್ತದೆ. ಮಕ್ಕಳ ಭತ್ಯೆ ಕಿಂಡರ್‌ಗೆಲ್ಡ್ ಹಿಂದಕ್ಕೆ ಆರು ತಿಂಗಳಿಗೆ. ಅದು 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು, 2026ರ ಜನವರಿಯಿಂದ 259. ಎರಡಕ್ಕೂ ಈ ವಾರವೇ ಅರ್ಜಿ ಕಳಿಸಿ, ‘ಜನನ ದಾಖಲೆ ಹಿಂದಿನಿಂದ ಬರುತ್ತದೆ’ ಎಂದು ಒಂದು ಸಾಲು ಸೇರಿಸಿ. ಅರ್ಧ ಅರ್ಜಿಯೂ ಗಡುವು ಉಳಿಸುತ್ತದೆ. ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದರೆ ಮಗು ಹುಟ್ಟಿದ ದಿನದಿಂದಲೇ ಕುಟುಂಬ ವಿಮೆಯಲ್ಲಿ ಪುಕ್ಕಟೆಯಾಗಿ ಸೇರುತ್ತದೆ, ಅವರಿಗೂ ತಿಳಿಸಿ.

ಇನ್ನು ಅಪಾಸ್ಟಿಲ್. ನಿಮ್ಮ ಹಣ ವ್ಯರ್ಥವಾಯಿತು, ಅದಕ್ಕೆ ಪರಿಹಾರವಿಲ್ಲ. ಅಪಾಸ್ಟಿಲ್ ಎನ್ನುವುದು 1961ರ ಹೇಗ್ ಒಪ್ಪಂದದ ಮುದ್ರೆ. ಭಾರತ ಅದಕ್ಕೆ ಸೇರಿದ್ದು 2005ರಲ್ಲಿ. ಆಗ ಜರ್ಮನಿ ಆಕ್ಷೇಪ ಎತ್ತಿತು, ಆದ್ದರಿಂದ ಈ ಎರಡು ದೇಶಗಳ ನಡುವೆ ಆ ಒಪ್ಪಂದ ಜಾರಿಯಲ್ಲಿಲ್ಲ. ಏಜೆನ್ಸಿಗಳು ಇದನ್ನು ಹೇಳುವುದಿಲ್ಲ, ಅವರಿಗೆ ಮುದ್ರೆ ಹಾಕಿಸುವುದೇ ವ್ಯಾಪಾರ. ಜರ್ಮನಿಯ ವಾದ ಇಷ್ಟು: ಅಪಾಸ್ಟಿಲ್ ಸಹಿ ಮತ್ತು ಮೊಹರು ಅಸಲಿ ಎಂದು ಮಾತ್ರ ಹೇಳುತ್ತದೆ, ಒಳಗೆ ಬರೆದದ್ದು ನಿಜ ಎಂದು ಹೇಳುವುದಿಲ್ಲ. ಕೇಳಲು ಅವಮಾನವೆನಿಸುತ್ತದೆ. ಆದರೆ ನಮ್ಮಲ್ಲಿ ಇಪ್ಪತ್ತು ಮೂವತ್ತು ವರ್ಷ ತಡವಾಗಿ, ಬರೀ ಅಫಿಡವಿಟ್ಟಿನ ಬಲದ ಮೇಲೆ ಎಷ್ಟು ಜನನಗಳು ನೋಂದಣಿಯಾಗಿವೆ ಎಂಬುದು ನಮಗೆ ನಿಮಗೆ ಗೊತ್ತಿಲ್ಲದ್ದೇನಲ್ಲ.

ಹಾಗಾಗಿ ಸ್ಟಾಂಡೆಸ್‌ಆಮ್ಟ್ ‘ಆಮ್ಟ್ಸ್‌ಹಿಲ್ಫೆ’ ಎಂಬ ದಾರಿ ಹಿಡಿಯುತ್ತದೆ, ಅಂದರೆ ಒಂದು ಕಚೇರಿ ಇನ್ನೊಂದರ ನೆರವು ಕೇಳುವುದು. ಕರ್ನಾಟಕದ ದಾಖಲೆಗಳಾದರೆ ಅದು ಬೆಂಗಳೂರಿನ ಜರ್ಮನ್ ದೂತಾವಾಸಕ್ಕೆ ಹೋಗುತ್ತದೆ. ಅವರು ನಂಬಿಕೆಯ ಸ್ಥಳೀಯ ವಕೀಲರೊಬ್ಬರನ್ನು ನೇಮಿಸುತ್ತಾರೆ. ವಕೀಲರು ನೋಂದಣಿ ಕಚೇರಿಗೆ ಹೋಗಿ ಮೂಲ ರಿಜಿಸ್ಟರ್ ನೋಡುತ್ತಾರೆ, ಶಾಲೆಯಲ್ಲಿ ವಿಚಾರಿಸುತ್ತಾರೆ, ಮನೆಗೂ ಅಕ್ಕಪಕ್ಕದವರ ಬಳಿಗೂ ಹೋಗುತ್ತಾರೆ. ಖರ್ಚು ಕೆಲವು ನೂರು ಯೂರೋ, ಮುಂಗಡ ನೀವೇ ಕಟ್ಟಬೇಕು. ಕಟ್ಟುವವರೆಗೆ ಕಡತ ಅಲ್ಲಾಡುವುದಿಲ್ಲ, ಆದ್ದರಿಂದ ಬೇಸರ ಬದಿಗಿಟ್ಟು ಮೊದಲು ಹಣ ಕಳಿಸಿ.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಈ ವಿಚಾರಣೆಯಲ್ಲಿ, ಅದೂ ತಪ್ಪು ಮಾಡಿ ಅಲ್ಲ. ನಿಮಗೊಂದು ಪ್ರಶ್ನಾವಳಿ ಕೊಡುತ್ತಾರೆ: ಹುಟ್ಟಿದ್ದು ಎಲ್ಲಿ, ಯಾವ ಮನೆ, ಯಾವ ಶಾಲೆ, ಬಂಧುಗಳು ಯಾರು, ಮದುವೆ ಎಲ್ಲಾಯಿತು, ಸಾಕ್ಷಿಗಳು ಯಾರು. ‘ಬಸ್ ಸ್ಟ್ಯಾಂಡ್ ಹಿಂದೆ’ ಎಂದು ಬರೆದರೆ ಬೆಂಗಳೂರಿನಿಂದ ಬರುವ ವಕೀಲರಿಗೆ ಏನು ತಿಳಿಯಬೇಕು? ಬಾಗಿಲು ನಂಬರು, ಕ್ರಾಸು, ಗುರುತಿನ ಜಾಗ, ಫೋನ್ ನಂಬರು ಎಲ್ಲ ಬರೆಯಿರಿ. ಹೆಸರು ಕೊಡುವ ನೆಂಟರಿಗೂ ನೆರೆಯವರಿಗೂ ಮುಂಚೆ ತಿಳಿಸಿಡಿ. ಕರಿಕೋಟಿನವರೊಬ್ಬರು ಬಂದು ಸೊಸೆಯ ಬಗ್ಗೆ ಕೇಳಿದರೆ ಪಕ್ಕದ ಮನೆಯವರು ಕೋರ್ಟು ಕಚೇರಿ ವ್ಯವಹಾರ ಇರಬೇಕೆಂದು ‘ನಮಗೇನೂ ಗೊತ್ತಿಲ್ಲ’ ಎಂದುಬಿಡುತ್ತಾರೆ. ಊರಿನಲ್ಲಿ ಎಲ್ಲರಿಗೂ ನೀವು ‘ಪುಟ್ಟಿ’ ಆಗಿದ್ದರೆ ನಿಮ್ಮ ದಾಖಲೆಯ ಹೆಸರು ಅವರಿಗೆ ಗೊತ್ತೇ ಇರುವುದಿಲ್ಲ. ನಾನು ಉತ್ತರ ಬಾಯಿಪಾಠ ಮಾಡಿಸಿ ಎನ್ನುತ್ತಿಲ್ಲ. ಯಾರು ಬರುತ್ತಾರೆ, ಏಕೆ ಬರುತ್ತಾರೆ ಎಂದು ತಿಳಿಸಿದರೆ ಸಾಕು, ಉಳಿದದ್ದನ್ನು ಅವರು ತಿಳಿದಂತೆ ಹೇಳಲಿ. ಬೇಗ ಮುಗಿಸಿ ಎಂದು ವಕೀಲರ ಕೈಗೆ ಯಾರೂ ದುಡ್ಡು ತುರುಕದಂತೆ ಮಾವನವರಿಗೆ ಖಡಾಖಂಡಿತವಾಗಿ ಹೇಳಿ. ಆ ಸಂಗತಿ ವರದಿಯಲ್ಲಿ ಬಂದರೆ ಅಸಲಿ ದಾಖಲೆಯ ಮೇಲೂ ಅನುಮಾನ ಹುಟ್ಟುತ್ತದೆ.

ಇನ್ನೊಂದು ನಮ್ಮದೇ ಸಮಸ್ಯೆ, ಹುಟ್ಟಿದ ತಾರೀಖು. ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಹೊಂದಿಸಿ ಜೂನ್ 1 ಎಂದು ಬರೆದ ಮಕ್ಕಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಪಾಸ್‌ಪೋರ್ಟೂ ಅದನ್ನೇ ಹಿಡಿದಿರುತ್ತವೆ, ಪುರಸಭೆಯ ಜನನ ರಿಜಿಸ್ಟರಿನಲ್ಲಿ ಬೇರೆ ಇರುತ್ತದೆ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಹೀಗಿದ್ದರೆ ವಕೀಲರು ಕಂಡುಹಿಡಿಯುವ ಮೊದಲು ನೀವೇ ಪ್ರಶ್ನಾವಳಿಯ ಜೊತೆ ಬರೆದುಕೊಡಿ. ಈಗ ಓಡಾಡಿ ತಿದ್ದಿಸಿಕೊಂಡು ಬಂದ ಹೊಸ ಪತ್ರ ಹಳೆಯ ವ್ಯತ್ಯಾಸಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಪ್ರಶ್ನೆ ಎದ್ದ ಮೇಲೆ ಹುಟ್ಟಿದ ದಾಖಲೆಯನ್ನು ಇಲ್ಲಿ ಯಾರೂ ನಂಬುವುದಿಲ್ಲ. ಜನನ ಪತ್ರವೇ ಇಲ್ಲದವರಿಗೂ ದಾರಿ ಇದೆ. ಅಸಲಿ ದಾಖಲೆ ಸಿಗುವುದು ತೀರ ಕಷ್ಟವೆಂದು ತೋರಿಸಿದರೆ ಬೇರೆ ದಾಖಲೆ, ಅದೂ ಇಲ್ಲದಿದ್ದರೆ ಸ್ಟಾಂಡೆಸ್‌ಆಮ್ಟ್ ಅಧಿಕಾರಿಯ ಮುಂದೆಯೇ ಪ್ರಮಾಣ ಮಾಡಿ ಹೇಳಿಕೆ ಕೊಡಲು ನೋಂದಣಿ ಕಾನೂನಿನ 9ನೇ ಕಲಮಿನಲ್ಲಿ ಅವಕಾಶವಿದೆ. ನೋಟರಿ ಮಾಡಿಸಿ ಊರಿನಿಂದ ತರಿಸಿದ ಸ್ಟ್ಯಾಂಪ್ ಪೇಪರಿನ ಅಫಿಡವಿಟ್ಟಿಗೆ ಮಾತ್ರ ಇಲ್ಲಿ ಅಂಥ ಬೆಲೆ ಇಲ್ಲ.

ಅನುವಾದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಭಾಷಾಂತರಕಾರರೇ ಮಾಡಬೇಕು, ಕನ್ನಡಕ್ಕೆ ಅಂಥವರು ವಿರಳ. ನಮ್ಮ ಈಚಿನ ಜನನ ಪತ್ರಗಳು ಕನ್ನಡ–ಇಂಗ್ಲಿಷ್ ಎರಡರಲ್ಲೂ ಇರುವುದರಿಂದ ಇಂಗ್ಲಿಷ್ ಭಾಷಾಂತರಕಾರರು ಸಾಲುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಈಗ ಹೆಸರು. ನಿಮ್ಮ ಯಜಮಾನರು ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ. ಆರ್.’ ಎಂದಿಟ್ಟುಕೊಳ್ಳಿ. ಟಿ ಎಂದರೆ ಊರು, ಆರ್ ಎಂದರೆ ತಂದೆ ರಾಮಪ್ಪ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ‘ತೀರ್ಥಹಳ್ಳಿ ರಾಮಪ್ಪ’ ಸರ್‌ನೇಮ್ ಆಗುತ್ತದೆ, ‘ಮಂಜುನಾಥ’ ಹೆಸರಾಗುತ್ತದೆ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ‘ಸುಮಾ ನಾಗರಾಜ್’ ಪೂರ್ತಿಯಾಗಿ ಹೆಸರಿನ ಜಾಗದಲ್ಲಿ ಕೂತು ಸರ್‌ನೇಮ್ ಖಾಲಿ ಉಳಿಯುತ್ತದೆ. ನಮಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಇಲ್ಲಿ ಎಷ್ಟೋ ಕಚೇರಿಗಳಲ್ಲಿ ಸರ್‌ನೇಮಿನ ಮೊದಲ ಅಕ್ಷರದ ಪ್ರಕಾರ ಅಧಿಕಾರಿಗಳಿಗೆ ಕೆಲಸ ಹಂಚಿರುತ್ತಾರೆ. ಗಂಡನ ಕಡತ ಟಿ ಅಕ್ಷರದವರ ಬಳಿ, ಹೆಂಡತಿಯದು ಒಮ್ಮೆ ಎಸ್, ಒಮ್ಮೆ ಎನ್. ‘ನಿಮ್ಮ ಕಡತ ನನ್ನ ಬಳಿ ಇಲ್ಲ’ ಎಂಬ ಉತ್ತರಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ಅದಕ್ಕೆ ನಾನು ಎಲ್ಲರಿಗೂ ಮಾಡಿಸುವುದು ಒಂದು ಪುಟದ ಹೆಸರಿನ ಪಟ್ಟಿ. ಒಂದು ಕಡೆ ದಾಖಲೆ, ಅದರೆದುರು ಅದರಲ್ಲಿ ಇರುವ ಹೆಸರು ಅಕ್ಷರಶಃ, ಅದರೆದುರು ಯಾವ ಭಾಗ ಊರು, ಯಾವುದು ತಂದೆಯ ಹೆಸರು, ಯಾವುದು ಸ್ವಂತದ್ದು. ಜರ್ಮನ್ನಿನಲ್ಲಿ ಬರೆದು, ಸಹಿ ಹಾಕಿ, ಪ್ರತಿ ಅರ್ಜಿಗೂ ಲಗತ್ತಿಸಿ. ಈ ಪಟ್ಟಿಗೆ ಕಾನೂನಿನ ಬಲವೇನೂ ಇಲ್ಲ, ಆದರೆ ಅಧಿಕಾರಿಗೆ ಕಡತದಲ್ಲಿ ಬರೆದುಕೊಳ್ಳಲು ವಿವರಣೆ ಸಿಗುತ್ತದೆ.

ಮಗಳಿಗೆ ಏನು ಇಡುವುದು? 2025ರ ಮೇ 1ರಿಂದ ಇಲ್ಲಿನ ಹೆಸರಿನ ಕಾನೂನು ಬದಲಾಗಿದೆ. ಮೊದಲು ವಿದೇಶಿಯರ ಹೆಸರಿಗೆ ಅವರ ದೇಶದ ಕಾನೂನು ಅನ್ವಯಿಸುತ್ತಿತ್ತು. ಈಗ ವಾಸವಿರುವ ದೇಶದ್ದು, ಅಂದರೆ ಜರ್ಮನಿಯದ್ದು. ಬೇಕೆಂದರೆ ಭಾರತದ ಕಾನೂನನ್ನು ಆಯ್ದುಕೊಳ್ಳುತ್ತೇವೆ ಎಂದು ಘೋಷಿಸಬಹುದು. ಜರ್ಮನ್ ಕಾನೂನಿನಡಿ ಮಗಳು ‘ತೀರ್ಥಹಳ್ಳಿ ರಾಮಪ್ಪ’ ಆಗುತ್ತಾಳೆ, ತಾತನ ಹೆಸರು ಹೊತ್ತು. ಭಾರತದ್ದನ್ನು ಆಯ್ದುಕೊಂಡರೆ ತಂದೆಯ ಸ್ವಂತ ಹೆಸರು ‘ಮಂಜುನಾಥ’ವನ್ನೇ ಅವಳ ಸರ್‌ನೇಮ್ ಮಾಡುವಂತೆ ಕೇಳಬಹುದು. ದಕ್ಷಿಣ ಭಾರತದ ಪದ್ಧತಿ ಗೊತ್ತಿರುವ ಅಧಿಕಾರಿ ಒಪ್ಪುತ್ತಾರೆ, ಗೊತ್ತಿಲ್ಲದವರು ಮೇಲಿನವರನ್ನು ಕೇಳಿ ಇನ್ನಷ್ಟು ದಿನ ಕಳೆಯುತ್ತಾರೆ. ನನ್ನನ್ನು ಕೇಳಿದರೆ ಮನೆಯಲ್ಲಿ ಯಾರಾದರೊಬ್ಬರ ಪಾಸ್‌ಪೋರ್ಟಿನಲ್ಲಿ ಈಗಾಗಲೇ ಇರುವ ಸರ್‌ನೇಮನ್ನೇ ಮಗುವಿಗೂ ಇಡಿ. ಊರಿನ ಹೆಸರು ಉದ್ದವಾಯಿತು, ತಾತನ ಹೆಸರು ಹೆಣ್ಣುಮಗುವಿಗೆ ಹೊಂದುವುದಿಲ್ಲ ಎಂದು ನೆಂಟರು ಹೇಳಬಹುದು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಲ್ಲುವವರು ನೆಂಟರಲ್ಲವಲ್ಲ. ಒಮ್ಮೆ ರಿಜಿಸ್ಟರಿಗೆ ಏರಿದ ಹೆಸರನ್ನು ಬದಲಿಸಲು ಜರ್ಮನಿಯಲ್ಲಿ ಬಲವಾದ ಕಾರಣ ತೋರಿಸಬೇಕು, ಗೆಜೆಟ್ಟಿನಲ್ಲಿ ಪ್ರಕಟಣೆ ಕೊಟ್ಟು ಮುಗಿಸುವ ಕೆಲಸವಲ್ಲ. ನಿಮ್ಮ ಪಾಸ್‌ಪೋರ್ಟಿನ ಖಾಲಿ ಜಾಗವನ್ನು ತುಂಬಿಸಿಕೊಳ್ಳುವುದು ಒಳ್ಳೆಯದೇ, ಆದರೆ ಈಗ ಬೇಡ. ಪರಿಶೀಲನೆ ನಡುವೆ ಹೊಸ ಹೆಸರಿನ ಪಾಸ್‌ಪೋರ್ಟ್ ಬಂದರೆ ಮೊದಲಿನಿಂದ ಶುರು.

ಯಜಮಾನರ ವಿಷಯದಲ್ಲಿ ನೀವು ಅಷ್ಟು ಗಾಬರಿಯಾಗಬೇಕಿಲ್ಲ. ಅಪಾಯಿಂಟ್‌ಮೆಂಟ್ ಸಿಗದಿರುವುದು ಬೇರೆ, ಅರ್ಜಿ ಹಾಕದಿರುವುದು ಬೇರೆ. ಕಾರ್ಡಿನ ಅವಧಿ ಮುಗಿಯುವ ಮೊದಲು ಅರ್ಜಿ ತಲುಪಿದ್ದರೆ, ಅವರು ತೀರ್ಮಾನ ಮಾಡುವವರೆಗೆ ಹಳೆಯ ಕಾರ್ಡೇ ಚಾಲ್ತಿಯಲ್ಲಿದೆ ಎಂದು ವಾಸ್ತವ್ಯ ಕಾನೂನಿನ 81ನೇ ಕಲಮಿನ 4ನೇ ಉಪಕಲಮು ಹೇಳುತ್ತದೆ. ಅದನ್ನು ಬರೆದುಕೊಡುವ ಕಾಗದವೇ ‘ಫಿಕ್ಸಿಯೋನ್ಸ್‌ಬೆಶೈನಿಗುಂಗ್’. ಆದ್ದರಿಂದ ಆನ್‌ಲೈನ್ ಇದ್ದರೆ ಆನ್‌ಲೈನಿನಲ್ಲಿ, ಜೊತೆಗೆ ಕಾಗದದ ಮೇಲೂ ಸಹಿ ಮಾಡಿ ರಿಜಿಸ್ಟರ್ಡ್ ಅಂಚೆಯಲ್ಲಿ ಅರ್ಜಿ ಕಳಿಸಿ, ರಸೀದಿ ಜೋಪಾನ ಮಾಡಿ. ಕಾಗದ ಕೈಗೆ ಬಂದಾಗ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ: 4ನೇ ಉಪಕಲಮಿನದ್ದಾದರೆ ಕೆಲಸವನ್ನೂ ಮುಂದುವರಿಸಬಹುದು, ದೇಶ ಬಿಟ್ಟು ಹೋಗಿ ಮರಳಲೂಬಹುದು, 3ನೆಯದ್ದಾದರೆ ಹೊರಗೆ ಹೋದರೆ ಅದರ ಮೇಲೆ ಒಳಗೆ ಬರಲಾಗುವುದಿಲ್ಲ. ನಿಮ್ಮ ಕಾರ್ಡೂ ಅದೇ ದಿನ ಮುಗಿಯುತ್ತದೆಯೇ ನೋಡಿಕೊಳ್ಳಿ, ಸಾಮಾನ್ಯವಾಗಿ ಹಾಗೇ ಇರುತ್ತದೆ, ಅದಕ್ಕೂ ಬೇರೆ ಅರ್ಜಿ ಬೇಕು.

ಒಂದು ಮಾತು, ನೀವು ಕೇಳದಿದ್ದರೂ. ಅವರು ನಾಲ್ಕು ವರ್ಷವೂ ಬ್ಲೂ ಕಾರ್ಡಿನಲ್ಲೇ ಇದ್ದರೆ ಅದನ್ನೇ ಏಕೆ ನವೀಕರಿಸಬೇಕು? ಪಿಂಚಣಿ ವಂತಿಗೆ ಕಟ್ಟಿ 27 ತಿಂಗಳಾಗಿದ್ದು ಸರಳ ಜರ್ಮನ್ ಬಂದರೆ, ಅಥವಾ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಇದ್ದು 21 ತಿಂಗಳಾಗಿದ್ದರೆ, ಕಾಯಂ ವಾಸ್ತವ್ಯ ಪರವಾನಗಿ ಕೇಳಬಹುದು. ಅದೇ ಪತ್ರದಲ್ಲಿ ‘ಇದು ಆಗದಿದ್ದರೆ ಬ್ಲೂ ಕಾರ್ಡ್ ವಿಸ್ತರಿಸಿ’ ಎಂದೂ ಬರೆಯಿರಿ. ಮಗು ಹುಟ್ಟಿದ ದಿನಕ್ಕೆ ನಿಮ್ಮಲ್ಲೊಬ್ಬರಿಗೆ ಐದು ವರ್ಷದ ವಾಸ ಮತ್ತು ಕಾಯಂ ಪರವಾನಗಿ ಎರಡೂ ಇದ್ದಿದ್ದರೆ ಮಗಳು ಹುಟ್ಟಿನಿಂದಲೇ ಜರ್ಮನ್ ಪ್ರಜೆಯಾಗುತ್ತಿದ್ದಳು; ನಿಮಗೆ ನಾಲ್ಕೇ ವರ್ಷವಾದ್ದರಿಂದ ಆ ಮಾತು ಬಿಡಿ.

ಪತ್ರ ಬರೆಯುವಾಗ ಜರ್ಮನ್ನಿನಲ್ಲೇ ಬರೆಯಿರಿ, ಆಡಳಿತ ಭಾಷೆ ಅದು. ಮೇಲೆ ಕಡತದ ಸಂಖ್ಯೆ, ಹೆಸರು, ಹುಟ್ಟಿದ ದಿನ. ಒಂದು ಪತ್ರಕ್ಕೆ ಒಂದೇ ವಿಷಯ. ಕಷ್ಟದ ಕಥೆ ಎರಡು ಸಾಲಿಗೆ ಮೀರದಿರಲಿ, ಬೇಕಾದ ಕಾಗದದ ಹೆಸರು ಮೊದಲ ಸಾಲಿನಲ್ಲೇ ಇರಲಿ, ಯಾವ ದಿನದೊಳಗೆ ಉತ್ತರ ನಿರೀಕ್ಷಿಸುತ್ತೀರಿ ಎಂದು ಕೊನೆಯಲ್ಲಿ. ದಿನಕ್ಕೊಂದು ನೆನಪೋಲೆ ಕಳಿಸಿದರೆ ಅಷ್ಟನ್ನೂ ಕಡತಕ್ಕೆ ಸೇರಿಸುತ್ತ ಕೂರುತ್ತಾರೆ. ವಿದೇಶಿಯರ ಕಚೇರಿ ತಕ್ಕ ಕಾರಣವಿಲ್ಲದೆ ಮೂರು ತಿಂಗಳು ತೀರ್ಮಾನ ಮಾಡದಿದ್ದರೆ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಸ್ಟಾಂಡೆಸ್‌ಆಮ್ಟ್ ನಿರಾಕರಿಸಿದರೆ ಹೋಗಬೇಕಾದ ಬಾಗಿಲು ಬೇರೆ, ಅದು ಆಮ್ಟ್ಸ್‌ಗೆರಿಷ್ಟ್ ಎಂಬ ಸ್ಥಳೀಯ ನ್ಯಾಯಾಲಯ. ಅಷ್ಟು ದೂರ ಹೋಗುವ ಮೊದಲು ಕಾರಿಟಾಸ್, ಡಯಕೊನಿಯಂಥ ಸಂಸ್ಥೆಗಳು ನಡೆಸುವ ವಲಸಿಗರ ಸಲಹಾ ಕೇಂದ್ರಕ್ಕೆ ಹೋಗಿ. ಹಣ ಕೇಳುವುದಿಲ್ಲ, ಪತ್ರವನ್ನೂ ಬರೆದುಕೊಡುತ್ತಾರೆ.

ಕೊನೆಗೆ ದಸರೆ. ಮಗಳಿಗೆ ಭಾರತದ ಪೌರತ್ವ ತಾನಾಗಿ ಬರುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು, ನಿಮ್ಮ ರಾಜ್ಯಕ್ಕೆ ಅದು ಮ್ಯೂನಿಕ್‌ನಲ್ಲಿದೆ. ಷರಾ ಇರುವ ರಿಜಿಸ್ಟರ್ ಪ್ರತಿಯ ಮೇಲೆ ನೋಂದಣಿ ಮತ್ತು ಪಾಸ್‌ಪೋರ್ಟ್ ಕೊಡುತ್ತಾರೆಯೇ ಎಂದು ಈಗಲೇ ಬರೆದು ಕೇಳಿ, ಉತ್ತರ ಬರವಣಿಗೆಯಲ್ಲೇ ಪಡೆಯಿರಿ. ಪಾಸ್‌ಪೋರ್ಟಿಗೆ ಕಾಯದೆ ವಿದೇಶಿಯರ ಕಚೇರಿಗೆ ಮಗಳ ವಾಸ್ತವ್ಯ ಪರವಾನಗಿಯ ಅರ್ಜಿಯನ್ನೂ ಹಾಕಿಬಿಡಿ, ಅದಕ್ಕೆ ಹುಟ್ಟಿದ ಆರು ತಿಂಗಳ ಗಡುವು. ಆ ಕಾರ್ಡು ಕೈಗೆ ಬರುವ ಮೊದಲು ತುರ್ತು ಪ್ರಯಾಣ ಪತ್ರ ಹಿಡಿದು ಊರಿಗೆ ಹೋಗುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಒಂದೇ ದಿಕ್ಕಿನ ಕಾಗದ. ಮರಳಲು ಮಗುವಿಗೆ ಪಾಸ್‌ಪೋರ್ಟೂ ವೀಸಾವೂ ಆಗುವವರೆಗೆ ನೀವೂ ಅಲ್ಲೇ ಉಳಿಯಬೇಕಾಗುತ್ತದೆ.

ಅದಕ್ಕಿಂತ ಅತ್ತೆಯವರನ್ನೇ ಇಲ್ಲಿಗೆ ಕರೆಸಿಕೊಳ್ಳಿ. ತೊಂಬತ್ತು ದಿನದವರೆಗಿನ ಷೆಂಗೆನ್ ವೀಸಾ ಸಾಕು. ಖರ್ಚಿಗೆ ನಾವು ಹೊಣೆ ಎಂಬ ಮುಚ್ಚಳಿಕೆಯನ್ನು ಯಜಮಾನರು ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡಬೇಕು, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಬೇಕು. ಆ ಮುಚ್ಚಳಿಕೆಗೂ ಅಪಾಯಿಂಟ್‌ಮೆಂಟ್ ಬೇಕಾಗಬಹುದು, ಆದ್ದರಿಂದ ಬ್ಲೂ ಕಾರ್ಡಿನ ಅರ್ಜಿ ಕಳಿಸುವ ದಿನವೇ ಅದನ್ನೂ ಕೇಳಿಡಿ, ಬೇರೆ ಪತ್ರದಲ್ಲಿ.